ಹೆದರಬೇಕಾದ ಕಡೆ ಜನ ನಕ್ಕರೆ

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಗೆಳೆಯರು ಸೇರಿ ಒಂದು ಕಿರುಚಿತ್ರ ಮಾಡಿದ್ದೇವೆ. ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಒಬ್ಬ ಹುಣ್ಣಿಮೆ ರಾತ್ರಿ ತೋಳ ಆಗುವ ಕಥೆ. ಹೆದರಿಕೆನೂ ಇರಬೇಕು, ನಗುನೂ ಇರಬೇಕು ಅನ್ನೋದು ನಮ್ಮ ಆಸೆ. ಊರಲ್ಲಿ ತೋರಿಸಿದಾಗ ತೋಳ ಬಂದ ಕೂಡಲೇ ಜನ ಬಿದ್ದು ಬಿದ್ದು ನಕ್ಕರು. ನಾವು ಜೋಕ್ ಅಂತ ಬರೆದ ಕಡೆ ಒಬ್ಬರೂ ನಗಲಿಲ್ಲ. ತಪ್ಪು ಎಲ್ಲಿದೆ? ಇದನ್ನೇ ದೊಡ್ಡ ಚಿತ್ರ ಮಾಡೋ ಯೋಚನೆ ಇದೆ. ತೋಳವನ್ನು ವೇಷದಲ್ಲಿ ಮಾಡೋದಾ, ಗ್ರಾಫಿಕ್ಸ್‌ನಲ್ಲಾ?

ಉತ್ತರ: ನೀವು ಕಳಿಸಿದ ಚಿತ್ರ ಪೂರ್ತಿ ನೋಡಿದೆ. ನಿಮಗೆ ಜಾಗ ಗೊತ್ತು, ಜನರ ಮಾತೂ ಗೊತ್ತು. ಮೋಡ ಕವಿದಾಗ ಹೆಂಗಸರು ಕಣದಲ್ಲಿ ಹರಡಿದ್ದ ಕಾಫಿ ಮೇಲೆ ಟಾರ್ಪಾಲು ಎಳೆಯುತ್ತಾ ಬೈದಾಡುವ ದೃಶ್ಯ ಚೆನ್ನಾಗಿದೆ. ಅಲ್ಲಿ ಯಾರೂ ನಟಿಸುತ್ತಿಲ್ಲ. ತೊಂದರೆ ಇರುವುದು ಕೆಲಸ ಹಂಚಿದ್ದರಲ್ಲಿ. ನಗಿಸುವ ಕೆಲಸವನ್ನು ತೋಳಕ್ಕೆ ಕೊಟ್ಟಿದ್ದೀರಿ. ಮನುಷ್ಯರಿಗೆ ಕಿರುಚಿಕೊಂಡು ಓಡುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

ನಿಮ್ಮ ತೋಳ ಮೊದಲ ಸಲ ಕಾಣುವುದು ಗೋಡೌನ್ ಮುಂದಿನ ಫೋಕಸ್ ಲೈಟ್ ಕೆಳಗೆ. ಎರಡು ಕಾಲಲ್ಲಿ ನಿಂತಿದೆ. ಮೈಮೇಲೆ ಹರಿದ ಶರ್ಟು, ಜೇಬಿನಲ್ಲಿ ರೈಟರ್ ಪೆನ್ನು ಹಾಗೇ ಇದೆ. ಕೋಳಿ ತಿಂದು ಮುಗಿಸಿ ಕ್ಯಾಮೆರಾ ಕಡೆ ತಿರುಗಿ ತೇಗುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ತೇಗಿದ ತೋಳಕ್ಕೆ ಆಮೇಲೆ ಯಾರೂ ಹೆದರುವುದಿಲ್ಲ. ಅದು ನಾಳೆ ಹತ್ತು ಜನರನ್ನು ಸೀಳಿದರೂ ಪ್ರೇಕ್ಷಕ ಇನ್ನೊಂದು ತೇಗಿಗೇ ಕಾಯುತ್ತಿರುತ್ತಾನೆ.

ಈ ಬಗೆಯ ಚಿತ್ರದಲ್ಲಿ ತೋಳಕ್ಕೆ ತಮಾಷೆ ಅನ್ನೋದು ಗೊತ್ತೇ ಇರಬಾರದು. ಅದು ಬರಬೇಕು, ಕೊಲ್ಲಬೇಕು, ಹೋಗಬೇಕು. ನಗುವೆಲ್ಲ ಅದರ ಸುತ್ತ ಇರುವ ಮನುಷ್ಯರದ್ದು. ಆ ಮನುಷ್ಯರೂ ನಗಿಸೋಣ ಅಂತ ಹೊರಡಬಾರದು. ಪ್ರಾಣ ಹೋಗುವ ಹೊತ್ತಿನಲ್ಲೂ ತಮ್ಮ ಎಂದಿನ ಬುದ್ಧಿ ಬಿಡಲಾಗದೆ ಏನೋ ಮಾಡುತ್ತಾರಲ್ಲ, ನಗು ಅಲ್ಲಿ ಹುಟ್ಟಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಮುಂದೆ ಹೇಳುವುದೆಲ್ಲ ಇದರದೇ ವಿವರ.

ಇದಕ್ಕೆ ಎಲ್ಲರೂ ಮೊದಲು ತೋರಿಸುವ ಚಿತ್ರ 1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’. ನಿರ್ದೇಶಕ ಜಾನ್ ಲ್ಯಾಂಡಿಸ್. ಆತ ಇದರ ಚಿತ್ರಕಥೆ ಬರೆದದ್ದು 1969ರಲ್ಲಿ. ಹತ್ತು ವರ್ಷಕ್ಕೂ ಜಾಸ್ತಿ ಯಾರೂ ದುಡ್ಡು ಹಾಕಲಿಲ್ಲ. ನಗೆಚಿತ್ರ ಅಂದರೆ ಭಯ ಜಾಸ್ತಿ ಆಯಿತು, ಭಯದ ಚಿತ್ರ ಅಂದರೆ ನಗು ಜಾಸ್ತಿ ಆಯಿತು ಅನ್ನೋದು ನಿರ್ಮಾಪಕರ ತಕರಾರು. ನಿಮಗೂ ಯಾರಾದರೂ ಹೀಗೇ ಅಂದರೆ ಸರಿದಾರಿಯಲ್ಲೇ ಇದ್ದೀರಿ ಅಂದುಕೊಳ್ಳಿ.

ಅದರಲ್ಲಿ ಸುರಂಗ ರೈಲಿನ ನಿಲ್ದಾಣದ ಒಂದು ದೃಶ್ಯ ಇದೆ. ತಡರಾತ್ರಿ. ಕೋಟು ತೊಟ್ಟ ಸಭ್ಯ ಮನುಷ್ಯನೊಬ್ಬ ಒಬ್ಬನೇ ಇದ್ದಾನೆ. ಎಲ್ಲಿಂದಲೋ ಗುರುಗುಟ್ಟುವ ಸದ್ದು. ಯಾರೋ ಹುಡುಗರು ಆಟ ಆಡಿಸುತ್ತಿದ್ದಾರೆ ಅಂದುಕೊಂಡು ಆತ, ಇದು ಚೆನ್ನಾಗಿಲ್ಲ, ನಾನು ಕಂಪ್ಲೇಂಟ್ ಕೊಡುತ್ತೇನೆ ಅನ್ನುತ್ತಾನೆ. ಥಿಯೇಟರಿನಲ್ಲಿ ನಗು. ನಗು ಇನ್ನೂ ಮುಗಿದಿಲ್ಲ, ಆತ ಓಡುವುದಕ್ಕೆ ಶುರು ಮಾಡಿರುತ್ತಾನೆ. ಕ್ಯಾಮೆರಾ ಈಗ ತೋಳದ ಕಣ್ಣು. ಉದ್ದನೆಯ ಖಾಲಿ ಸುರಂಗ, ಅದರಲ್ಲಿ ಓಡುವ ಅವನ ಬೆನ್ನು. ಕೊನೆಗೆ ಎಸ್ಕಲೇಟರ್ ಮೇಲೆ ಬಿದ್ದಿದ್ದಾನೆ. ಮೇಲಿನಿಂದ ನೋಡಿದರೆ ಕೆಳಗೆ ದೂರದಲ್ಲಿ ಆ ಪ್ರಾಣಿ ಚೌಕಟ್ಟಿನೊಳಗೆ ಕಾಲಿಡುತ್ತದೆ, ಅವಸರವೇ ಇಲ್ಲದೆ. ಇಡೀ ದೃಶ್ಯದಲ್ಲಿ ತೋಳ ನಮಗೆ ಕಾಣುವುದು ಅಷ್ಟೇ.

ಇಲ್ಲಿ ಯಾವ ಕೆಲಸ ಯಾರದ್ದು ನೋಡಿ. ನಗಿಸಿದ್ದು ಆ ಮನುಷ್ಯನ ಕಂಪ್ಲೇಂಟ್. ಅವನಿಗೆ ಅದು ಜೋಕ್ ಅಲ್ಲ, ನಿಜವಾಗಿ ಸಿಟ್ಟು ಬಂದಿದೆ. ಹೆದರಿಸಿದ್ದು ತೋಳ. ಎರಡೂ ಒಂದೇ ದೃಶ್ಯದಲ್ಲಿವೆ, ಆದರೆ ಒಂದರ ಕೆಲಸಕ್ಕೆ ಇನ್ನೊಂದು ಕೈ ಹಾಕಿಲ್ಲ.

ಇಷ್ಟಕ್ಕೆ ಲಂಡನ್ನಿಗೇ ಹೋಗಬೇಕಾಗಿಲ್ಲ. ನಿಮ್ಮ ಕಡೆ ಯಕ್ಷಗಾನ ಮೇಳ ಬಂದಾಗ ‘ದೇವಿ ಮಹಾತ್ಮೆ’ ನೋಡಿರುತ್ತೀರಿ. ನಡುರಾತ್ರಿ ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ. ಜನರ ನಡುವಿನಿಂದ ಬರುತ್ತಾನೆ. ಎರಡೂ ಕಡೆ ದೀವಟಿಗೆ, ರಾಳ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಕೋಡು, ಆರ್ಭಟ. ಅರೆನಿದ್ದೆಯ ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತವೆ. ಅವನೂ ಅರ್ಧ ಪ್ರಾಣಿಯೇ ಅಲ್ವಾ? ಅದೇ ಆಟದಲ್ಲಿ ಹಾಸ್ಯಗಾರನೂ ಇರುತ್ತಾನೆ. ಒಳ್ಳೆಯ ಹಾಸ್ಯಗಾರ ರಾಕ್ಷಸನ ಬಣ್ಣದ ವೇಷವನ್ನು ಲೇವಡಿ ಮಾಡಿ ಅದರ ಗತ್ತು ಕೆಡಿಸುವುದಿಲ್ಲ. ತಾನು ಹೆದರುತ್ತಾನೆ, ಹೆದರಿಲ್ಲ ಅಂತ ಸುಳ್ಳು ಹೇಳುತ್ತಾನೆ, ಆ ಸುಳ್ಳಿಗೆ ನಾವು ನಗುತ್ತೇವೆ. ರಾಕ್ಷಸ ರಾಕ್ಷಸನಾಗಿಯೇ ಉಳಿಯುತ್ತಾನೆ. ನಿಮ್ಮ ಚಿತ್ರದಲ್ಲಿ ಎರಡೂ ವೇಷವನ್ನು ಒಬ್ಬನಿಗೇ ಕಟ್ಟಿದ್ದೀರಿ.

2025ರ ಕನ್ನಡ ಚಿತ್ರ ‘ಸು ಫ್ರಮ್ ಸೋ’ ಹಾಗೆ ನಗು ಬರಬೇಕು ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆಸೆ ಸರಿ, ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಮೈಮೇಲೆ ಬಂದಿದೆ ಅನ್ನುವುದೇ ಹುಡುಗನೊಬ್ಬನ ನಾಟಕ. ಇಲ್ಲದ ದೆವ್ವಕ್ಕೆ ಊರೇ ಹೆದರುತ್ತದೆ, ಅದರಿಂದ ನಗು. ನಿಮ್ಮ ಕಥೆಯಲ್ಲಿ ತೋಳ ನಿಜ. ಹಾಗಾಗಿ ನಿಮ್ಮ ಊರಿನವರು ಅದಕ್ಕೆ ತದ್ವಿರುದ್ಧ ಮಾಡಬೇಕು. ಎದುರಿಗೇ ಇರುವ ತೋಳವನ್ನು ನಂಬದೆ, ಬೇರೆ ಏನೇನೋ ಅಂದುಕೊಳ್ಳಬೇಕು.

ಇದಕ್ಕೆ ನಿಮ್ಮ ಜಿಲ್ಲೆಯಷ್ಟು ಹೇಳಿ ಮಾಡಿಸಿದ ಜಾಗ ಇನ್ನೊಂದಿಲ್ಲ. ಮಲೆನಾಡಿನ ಕಾಫಿ ತೋಟದಲ್ಲಿ ತೋಳ ಎಲ್ಲಿಂದ ಬಂತು? ತೋಳ ಬಯಲಿನ ಪ್ರಾಣಿ. ಕುರುಚಲು, ಹುಲ್ಲುಗಾವಲು, ಕುರಿಮಂದೆ ಇರುವ ಕಡೆ ಅದರ ವಾಸ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ವನ್ಯಧಾಮ ಮಾಡಿದ್ದೇ ತೋಳಗಳ ಸಲುವಾಗಿ. ಕೊಪ್ಪಳ ಜಿಲ್ಲೆಯ ಬಂಕಾಪುರದ್ದೂ ತೋಳದ ವನ್ಯಧಾಮ. ಎರಡೂ ಒಣ ಸೀಮೆ. ಮೂಡಿಗೆರೆ, ಸಕಲೇಶಪುರದವರಿಗೆ ಗೊತ್ತಿರುವುದು ಆನೆ, ಚಿರತೆ, ಸೀಳುನಾಯಿ, ಅಪರೂಪಕ್ಕೆ ಹುಲಿ. ನಿಮ್ಮೂರಿನ ಜನ ನಕ್ಕಿದ್ದಕ್ಕೆ ಇದೂ ಒಂದು ಕಾರಣ. ಅವರು ನಕ್ಕಿದ್ದು ನಿಮ್ಮ ವೇಷಕ್ಕೆ ಮಾತ್ರ ಅಲ್ಲ, ನಿಮ್ಮ ಭೂಗೋಳಕ್ಕೂ.

ಹಾಗಂತ ತೋಳ ಬಿಟ್ಟು ಹುಲಿ ಹಿಡಿಯಬೇಡಿ. 1992ರಲ್ಲೇ ಹಿಂದಿಯ ‘ಜುನೂನ್’ನಲ್ಲಿ ಹುಣ್ಣಿಮೆಗೆ ಹುಲಿಯಾಗುವವನು ಬಂದು ಹೋಗಿದ್ದಾನೆ. ತೋಳವನ್ನೇ ಇಟ್ಟುಕೊಳ್ಳಿ, ಆದರೆ ಕಚ್ಚಿಸುವುದನ್ನು ಬೇರೆ ಕಡೆ ಕಚ್ಚಿಸಿ. ಕಡೂರು ಕಡೆ ಬಾಸೂರಿನ ಅಮೃತಮಹಲ್ ಕಾವಲು ಇದೆ, ಅಂದರೆ ದನ ಮೇಯುವ ಹುಲ್ಲುಗಾವಲು. ಕೃಷ್ಣಮೃಗ ಓಡಾಡುವ ಬಟಾಬಯಲು. ಮರ ಅಂದರೆ ಅಲ್ಲೊಂದು ಇಲ್ಲೊಂದು ಜಾಲಿ. ನಿಮ್ಮ ರೈಟರ್ ಆ ಕಡೆಯ ಹಳ್ಳಿಯವನು ಅಂತ ಮಾಡಿ. ಹಬ್ಬಕ್ಕೆ ಊರಿಗೆ ಹೋದವನಿಗೆ ರಾತ್ರಿ ಏನೋ ಕಚ್ಚುತ್ತದೆ. ಅಲ್ಲಿಯ ಕುರುಬ ಅಜ್ಜ ಗಾಯ ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ, ಇವನು ಕೇಳುವುದಿಲ್ಲ. ನಾಯಿ ಕಚ್ಚಿತು ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ತೋಟಕ್ಕೆ ವಾಪಸು ಬರುತ್ತಾನೆ. ಕಡೂರಿನಿಂದ ಚಿಕ್ಕಮಗಳೂರಿಗೆ ನಲವತ್ತು ಕಿಲೋಮೀಟರ್ ಆಸುಪಾಸು. ಅಷ್ಟರಲ್ಲಿ ಸೀಮೆಯೇ ಬದಲಾಗಿಬಿಡುತ್ತದೆ. ತೋಳ ಅಂದರೇನು ಅಂತ ಗೊತ್ತಿರುವವರೆಲ್ಲ ಹಿಂದೆ ಉಳಿದರು. ಮುಂದೆ ಇರುವವರು ಯಾರೂ ನಂಬುವುದಿಲ್ಲ.

ಇನ್ನು ನಗು ತಾನಾಗಿ ಬರುತ್ತದೆ ನೋಡಿ. ಆಳುಗಳ ಲೈನು ಮನೆ ಹತ್ತಿರ ಕರು ಸತ್ತು ಬಿದ್ದಿದೆ. ಒಬ್ಬರು ಚಿರತೆ ಅನ್ನುತ್ತಾರೆ. ಇನ್ನೊಬ್ಬರು, ಚಿರತೆಯಾದರೆ ಕತ್ತು ಹಿಡಿಯುತ್ತಿತ್ತು, ಇದು ಸೀಳುನಾಯಿ ಅನ್ನುತ್ತಾರೆ. ಮೂರನೆಯವರು ಅಷ್ಟು ಹೊತ್ತಿಗೆ ಹೆಜ್ಜೆ ಗುರುತಿನ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿರುತ್ತಾರೆ. ಆನೆ ಬಂದರೆ ಎಚ್ಚರಿಸಲು ಮಾಡಿಕೊಂಡ ಗ್ರೂಪು ಅದು. ಅಲ್ಲಿ ಈ ಫೋಟೋದ ಕೆಳಗೆ ಯಾರೋ ಶುಭೋದಯದ ಹೂವು ಕಳಿಸುತ್ತಾರೆ. ಫಾರೆಸ್ಟ್ ಗಾರ್ಡ್ ಬಂದು ಮಹಜರು ಮಾಡುತ್ತಾನೆ. ಪರಿಹಾರ ಬೇಕಾದರೆ ಯಾವ ಪ್ರಾಣಿ ಅಂತ ಬರೆಯಬೇಕಲ್ಲ? ಕರು ಕಳೆದುಕೊಂಡವನಿಗೆ ಪ್ರಾಣಿ ಯಾವುದಾದರೂ ಆಗಬಹುದು, ದುಡ್ಡು ಬಂದರೆ ಸಾಕು. ಈ ಚರ್ಚೆ ಎಲ್ಲ ನಡೆಯುವಾಗ ನಿಮ್ಮ ರೈಟರ್ ಪಕ್ಕದಲ್ಲೇ ನಿಂತು ಅರ್ಜಿ ಬರೆದುಕೊಡುತ್ತಿರುತ್ತಾನೆ. ಎಸ್ಟೇಟಿನಲ್ಲಿ ಅಕ್ಷರ ಚೆನ್ನಾಗಿರುವವನು ಅವನೇ. ಅವನ ಉಗುರಿನ ಸಂದಿಯಲ್ಲಿ ಇನ್ನೂ ರಕ್ತ ಇದೆ.

ಅಲ್ಲಿ ಒಂದೇ ಒಂದು ಜೋಕ್ ಇಲ್ಲ. ಬರೆಯುವಾಗ ಜೋಕ್ ಸೇರಿಸಲೂಬೇಡಿ.

ಮುಂದೆ ಇಲಾಖೆಯವರು ಬೋನು ಇಡುತ್ತಾರೆ. ಒಳಗಿನ ಗೂಡಿನಲ್ಲಿ ಆಡು ಕಟ್ಟುತ್ತಾರೆ. ಬೆಳಗ್ಗೆ ಊರೆಲ್ಲ ಓಡಿ ಬಂದು ನೋಡಿದರೆ ಬೋನಿನಲ್ಲಿ ರೈಟರ್. ಮೈಮೇಲೆ ಬಟ್ಟೆ ಇಲ್ಲ, ಆಡಿನ ಪಕ್ಕ ಮಲಗಿದ್ದಾನೆ. ಎಲ್ಲರ ಕೈಯಲ್ಲೂ ಮೊಬೈಲು. ಆತ ಏನು ಹೇಳಿ ತಪ್ಪಿಸಿಕೊಳ್ಳುತ್ತಾನೆ ಅನ್ನುವುದನ್ನು ನೀವೇ ಬರೆಯಿರಿ. ಆದರೆ ಕ್ಯಾಮೆರಾ ಒಂದು ಕ್ಷಣ ಆಡಿನ ಮೇಲೆ ನಿಲ್ಲಲಿ. ಅದು ಗೂಡಿನ ಮೂಲೆಗೆ ಅಂಟಿಕೊಂಡು ನಡುಗುತ್ತಿದೆ. ಅದಕ್ಕೆ ಮಾತ್ರ ಎಲ್ಲ ಗೊತ್ತು. ನಗುತ್ತಿರುವವರ ನಗು ಅರ್ಧಕ್ಕೆ ನಿಲ್ಲಬೇಕಾದ ಜಾಗ ಅದು.

ಕಾನೂನೂ ನಿಮ್ಮ ಕಡೆಗೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತೋಳ ಒಂದನೇ ಅನುಸೂಚಿಯಲ್ಲಿದೆ, ಹುಲಿ, ಆನೆಗಳ ಜೊತೆಗೆ. ಪ್ರಾಣ ಉಳಿಸಿಕೊಳ್ಳುವ ಹೊತ್ತು ಬಿಟ್ಟರೆ, ಅದರಿಂದ ಮನುಷ್ಯರ ಪ್ರಾಣಕ್ಕೆ ಅಪಾಯ ಇದೆ ಅಥವಾ ಅದು ವಾಸಿಯಾಗದ ಸ್ಥಿತಿಯಲ್ಲಿದೆ ಅಂತ ಮುಖ್ಯ ವನ್ಯಜೀವಿ ವಾರ್ಡನ್ ಬರೆದುಕೊಟ್ಟರೆ ಮಾತ್ರ ಹೊಡೆಯಬಹುದು. ಅಂದರೆ ಬೆಳ್ಳಿ ಗುಂಡು ಹಾಕಿ ಕೊಂದರೂ ಕೇಸು ಬೀಳುತ್ತದೆ. ಸತ್ತ ಮೇಲೆ ಅದು ಮನುಷ್ಯ ಆಗಿಬಿಟ್ಟರಂತೂ ಕೇಸು ಪೊಲೀಸರದ್ದಾ, ಅರಣ್ಯ ಇಲಾಖೆಯದ್ದಾ? ಇದನ್ನು ಇಬ್ಬರು ಅಧಿಕಾರಿಗಳು ಹೆಣದ ಎರಡೂ ಕಡೆ ನಿಂತು ಮರ್ಯಾದೆಯಿಂದಲೇ ಚರ್ಚಿಸಬಹುದು. ಇನ್ನೊಂದು ವಿಷಯ ನಿಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಚುನಾವಣೆ ಘೋಷಣೆ ಆದರೆ ತೋಟದ ಕೋವಿಗಳೆಲ್ಲ ಠಾಣೆಗೆ ಹೋಗುತ್ತವೆ. ಹುಣ್ಣಿಮೆ ಆ ಹೊತ್ತಿಗೇ ಬಂದರೆ? ಊರಲ್ಲಿ ಒಂದೂ ಕೋವಿ ಇಲ್ಲ. ಪ್ರಚಾರಕ್ಕೆ ಬಂದವರು ಮಾತ್ರ ರಾತ್ರಿ ಹತ್ತಾದರೂ ಮನೆ ಮನೆ ಸುತ್ತುತ್ತಿದ್ದಾರೆ.

ಹುಣ್ಣಿಮೆ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಇದು ಯುರೋಪಿನ ಕಥೆ ತಂದುಕೊಂಡವರೆಲ್ಲ ಎಡವುವ ಜಾಗ. ನಮಗೆ ಹೆದರಿಕೆ ಇರುವುದು ಅಮಾವಾಸ್ಯೆಯದ್ದು. ಹುಣ್ಣಿಮೆ ಅಂದರೆ ಬೆಳದಿಂಗಳ ಊಟ, ಹೋಳಿ, ಜಾತ್ರೆ, ಪ್ರೇಮಗೀತೆ. ಚಂದ್ರನನ್ನು ತೋರಿಸಿ ಧಡ್ ಅಂತ ಸಂಗೀತ ಹೊಡೆದರೆ ಕನ್ನಡದ ಪ್ರೇಕ್ಷಕನ ಮೈ ಜುಮ್ಮೆನ್ನುವುದಿಲ್ಲ. ನಿಮ್ಮ ಚಿತ್ರದಲ್ಲಿ ನಾಲ್ಕು ಸಲ ಮೋಡ ಸರಿದು ಚಂದ್ರ ಬರುತ್ತಾನೆ. ಒಂದು ಸಲವೂ ಹೆದರಿಕೆ ಆಗಲಿಲ್ಲ. ಹುಣ್ಣಿಮೆಯನ್ನು ಹುಣ್ಣಿಮೆಯಾಗಿಯೇ ಬಿಡಿ. ಮನೆಯವರೆಲ್ಲ ಅಂಗಳದಲ್ಲಿ ಕೂತು ಉಣ್ಣಲಿ, ಮಕ್ಕಳಿಗೆ ಚಂದಮಾಮ ತೋರಿಸಲಿ. ಎಲ್ಲರೂ ಖುಷಿಯಾಗಿ ಮೇಲೆ ನೋಡುವಾಗ ಒಬ್ಬನೇ ಒಬ್ಬ ತಟ್ಟೆ ನೋಡುತ್ತಾ ತಲೆ ತಗ್ಗಿಸಿ ಕೂತಿರಲಿ. ಸಂಗೀತ ಬೇಡ.

ಮಳೆಗಾಲವನ್ನು ಯಾಕೆ ಬಿಟ್ಟಿರಿ ಅಂತಲೂ ಆಶ್ಚರ್ಯ ಆಯಿತು. ಆಷಾಢ, ಶ್ರಾವಣದಲ್ಲಿ ನಿಮ್ಮಲ್ಲಿ ಚಂದ್ರ ಕಾಣುವುದೇ ಇಲ್ಲ. ಮೋಡದ ಹಿಂದಿನ ಹುಣ್ಣಿಮೆಗೂ ಇವನು ತೋಳ ಆಗುತ್ತಾನಾ? ಅವನಿಗೇ ಗೊತ್ತಿಲ್ಲ. ಕ್ಯಾಲೆಂಡರ್ ನೋಡಿಕೊಂಡು ಬಾಗಿಲು ಹಾಕಿ ಕೂರುತ್ತಾನೆ. ಮಳೆ ಹೊಡೆಯುತ್ತಲೇ ಇದೆ, ಕರೆಂಟಿಲ್ಲ. ನಡುರಾತ್ರಿ ಐದು ನಿಮಿಷ ಹೊಳವಾಗುತ್ತದೆ, ಅಂದರೆ ಮಳೆ ನಿಂತು ಆಕಾಶ ತಿಳಿಯಾಗುತ್ತದೆ. ಮಲೆನಾಡಿನವರೆಲ್ಲ ಹೊಳವಿಗೆ ಕಾಯುತ್ತಾರೆ. ಅದಕ್ಕೆ ಹೆದರುವವನು ಇವನೊಬ್ಬನೇ.

ನಿಯಮ ಬದಲಾಯಿಸಬಹುದಾ ಅಂತ ಅನುಮಾನ ಬೇಡ. ಈ ಕಟ್ಟುಪಾಡುಗಳೆಲ್ಲ ವೇದವಾಕ್ಯವೇನಲ್ಲ. ಬೆಳ್ಳಿಯಿಂದ ಸಾಯುತ್ತದೆ, ಕಚ್ಚಿಸಿಕೊಂಡವನಿಗೂ ಅಂಟುತ್ತದೆ ಅನ್ನುವ ಸಂಗತಿಗಳು ಜನರ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು 1941ರ ‘ದಿ ವುಲ್ಫ್ ಮ್ಯಾನ್’ ನಂತರ. ಅದನ್ನು ಬರೆದವನು ಕರ್ಟ್ ಸಿಯೋಡ್ಮಾಕ್. ಅದರಲ್ಲಿ ಊರವರೆಲ್ಲ ಹೇಳುವ ಒಂದು ಪದ್ಯ ಬರುತ್ತದೆ, ಶತಮಾನಗಳ ಹಳೆಯ ಜನಪದ ಅನ್ನುವ ಹಾಗೆ. ಅದೂ ಆತನೇ ಹೊಸೆದದ್ದು. ಆತ ಹಿಟ್ಲರ್ ಕಾಲಕ್ಕೆ ಜರ್ಮನಿ ಬಿಟ್ಟು ಓಡಿಬಂದ ಯಹೂದಿ. ಯಾರು ಮುಂದಿನ ಬಲಿ ಅಂತ ಮೊದಲೇ ಗುರುತು ಕಾಣುವ ಕಥೆಯನ್ನು ಅವನು ಸುಮ್ನೆ ಬರೆದಿರಲಾರ ಅಂತ ನನಗೆ ಅನಿಸುತ್ತದೆ. ಆತ ಮಾಡಿದ್ದನ್ನು ನೀವೂ ಮಾಡಬಹುದು. ಆದರೆ ನಿಯಮ ಎರಡೋ ಮೂರೋ ಇರಲಿ, ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗಲಿ, ಆಮೇಲೆ ಅನುಕೂಲಕ್ಕೆ ತಕ್ಕಂತೆ ಮುರಿಯಬೇಡಿ. ನಿಯಮ ಸಡಿಲವಾದರೆ ಹೆದರಿಕೆಯೂ ಸಡಿಲ.

ಇನ್ನು ನಿಮ್ಮ ಚಿತ್ರದ ಸಾವು. ಇದು ನನಗೆ ಹಿಡಿಸಲಿಲ್ಲ. ತೋಳ ಮೊದಲು ಕೊಲ್ಲುವುದು ಅಸ್ಸಾಮಿನಿಂದ ಕೊಯ್ಲಿಗೆ ಬಂದ ಹುಡುಗನನ್ನು. ಅವನಿಗೆ ಹೆಸರಿಲ್ಲ, ಒಂದು ಮಾತಿಲ್ಲ. ಸತ್ತ ಕೂಡಲೇ ನಗುವ ದೃಶ್ಯಕ್ಕೆ ಹೋಗಿದ್ದೀರಿ. ಜನ ನಗದೇ ಇದ್ದದ್ದು ಅಲ್ಲೇ. ಯಾರೂ ಬಾಯಿ ಬಿಟ್ಟು ಹೇಳದಿದ್ದರೂ, ಇದು ಸರಿಯಿಲ್ಲ ಅಂತ ಒಳಗೆ ಅನಿಸಿರುತ್ತದೆ. ಕಪ್ಪು ಹಾಸ್ಯ ಅಂದರೆ ಸಾವನ್ನು ಹಗುರ ಮಾಡುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾವು ಭಾರವಾಗಿಯೇ ಇರಬೇಕು. ಅದರ ಸುತ್ತ ಇರುವವರು ಅದನ್ನು ಹಗುರ ಮಾಡಲು ಒದ್ದಾಡಬೇಕು.

ಆ ಹುಡುಗನಿಗೆ ಹೆಸರು ಕೊಡಿ. ರೈಟರ್ ಜೊತೆ ಅವನಿಗೆ ಸ್ವಲ್ಪ ಸಲಿಗೆ ಇರಲಿ. ಊರಿಗೆ ದುಡ್ಡು ಕಳಿಸುವುದಕ್ಕೆ ರೈಟರ್ ಫೋನನ್ನೇ ಕೇಳಿ ತೆಗೆದುಕೊಳ್ಳುತ್ತಿರಲಿ. ಅವನು ಸತ್ತ ಮರುದಿನ ಸಾಹುಕಾರರು ಕೇಳುವ ಮೊದಲ ಮಾತು ಅವನಿಗೆ ಕೊಟ್ಟ ಮುಂಗಡದ್ದು. ಎರಡನೆಯದು ಕೊಯ್ಲಿಗೆ ಬದಲಿ ಆಳು ಎಲ್ಲಿ ಅನ್ನುವುದು. ಮೂರನೆಯದು ಹಾಜರಿ. ಅವನು ಸತ್ತದ್ದು ಸಂಜೆ ಏಳಕ್ಕಾ, ಬೆಳಗಿನ ಜಾವವಾ? ನಿನ್ನೆಯ ಹಾಜರಿ ಪೂರ್ತಿ ಹಾಕಬೇಕಲ್ಲ? ಹಾಜರಿ ಪುಸ್ತಕ ತೆರೆದುಕೊಂಡು ಪೆನ್ನು ಹಿಡಿದು ಕೂತವನು ಕೊಂದವನೇ. ಅವನಿಗೆ ಸಮಯ ಸರಿಯಾಗಿ ಗೊತ್ತಿದೆ. ಹೇಳುವ ಹಾಗಿಲ್ಲ. ಜೇಬಿನ ಪೆನ್ನಿನ ಕೆಲಸ ಇದು. ತೋಳದ ಜೇಬಿನಲ್ಲಿ ಇಟ್ಟು ಅದನ್ನು ಹಾಳು ಮಾಡಿದ್ದೀರಿ.

ಇಲ್ಲಿ ನಗು ಬಂದರೂ ಗಂಟಲಲ್ಲೇ ನಿಲ್ಲುತ್ತದೆ. ಲ್ಯಾಂಡಿಸ್ ಚಿತ್ರದಲ್ಲೂ ಅಷ್ಟೇ. ತೋಳವಾಗುವವನ ಸತ್ತ ಗೆಳೆಯ ಹರಿದ ಕುತ್ತಿಗೆಯಲ್ಲೇ ಎದ್ದು ಬಂದು ತಿಂಡಿ ತಟ್ಟೆ ಎದುರು ಕೂತು ಮಾತಾಡುತ್ತಾನೆ. ತನ್ನ ಮಣ್ಣಿಗೆ ಯಾರು ಬಂದರು, ಯಾರು ಅತ್ತರು ಅನ್ನುವ ಸಮಾಚಾರ. ಹಾಗೆ ಹರಟುತ್ತಲೇ, ಇನ್ನಷ್ಟು ಜನ ಸಾಯುವ ಮೊದಲು ನೀನು ಸತ್ತುಬಿಡು ಅನ್ನುತ್ತಾನೆ. ಪ್ರತಿ ಸಲ ಬಂದಾಗಲೂ ಇನ್ನಷ್ಟು ಕೊಳೆತಿರುತ್ತಾನೆ. ನಗಿಸುವವನೇ ತಪ್ಪಿನ ಲೆಕ್ಕವನ್ನೂ ಹೇಳುತ್ತಿರುತ್ತಾನೆ. ಇದನ್ನು ನಕಲು ಮಾಡಬೇಡಿ. ನಿಮ್ಮಲ್ಲಿ ಆ ಲೆಕ್ಕ ಇಡಲು ಹಾಜರಿ ಪುಸ್ತಕ ಇದೆ.

ಮನುಷ್ಯ ತೋಳ ಆಗುವ ದೃಶ್ಯಕ್ಕೆ ಬರೋಣ. ನೀವು ಹೊಗೆ ಬಿಟ್ಟು, ಲೈಟು ಆರಿಸಿ, ಹೊಗೆ ಸರಿದಾಗ ತೋಳ ನಿಲ್ಲಿಸಿದ್ದೀರಿ. ಬಜೆಟ್ ಇಲ್ಲ ಅಂದರೆ ಅದು ತಪ್ಪಲ್ಲ, ಆದರೆ ನಾಟಕ ಕಂಪನಿಯ ಪರದೆ ನೆನಪಾಯಿತು. 1981ರ ಲ್ಯಾಂಡಿಸ್ ಚಿತ್ರಕ್ಕೆ ಮೇಕಪ್ ಮಾಡಿದ ರಿಕ್ ಬೇಕರ್ ಇದಕ್ಕೆ ಉಲ್ಟಾ ಹೋದ. ಮನೆಯ ಹಾಲಿನಲ್ಲಿ, ಎಲ್ಲ ದೀಪ ಉರಿಯುತ್ತಿರುವಾಗ, ಬರೀ ನೆಲದ ಮೇಲೆ. ಹಿನ್ನೆಲೆಯಲ್ಲಿ ಹಿತವಾದ ಹಳೆಯ ಹಾಡು. ಕೈ ಉದ್ದವಾಗುವುದು, ಬೆನ್ನೆಲುಬು ಉಬ್ಬುವುದು, ಮೂತಿ ಮುಂದೆ ಬರುವುದು ಎಲ್ಲವೂ ರಬ್ಬರು ಮತ್ತು ಒಳಗಿನ ಯಂತ್ರದಿಂದ, ಕ್ಯಾಮೆರಾ ಎದುರೇ. ಕೂದಲು ಬೆಳೆಯುವುದಕ್ಕೆ ಮಾಡಿದ ಉಪಾಯ ಕೇಳಿ. ಕೃತಕ ಚರ್ಮದ ಮೇಲಿನ ಕೂದಲನ್ನು ಹಿಂದಿನಿಂದ ಒಳಕ್ಕೆ ಎಳೆದರು, ರೀಲನ್ನು ಹಿಂದಕ್ಕೆ ಓಡಿಸಿದರು. ಮೇಕಪ್ಪಿಗೆ ಅಂತ ಆಸ್ಕರ್ ಹೊಸದಾಗಿ ಒಂದು ವಿಭಾಗ ಶುರು ಮಾಡಿದಾಗ ಅದರ ಮೊದಲ ಪ್ರಶಸ್ತಿ ಹೋಗಿದ್ದು ಈ ಕೆಲಸಕ್ಕೇ.

ಆದರೆ ಆ ದೃಶ್ಯ ಇಂದಿಗೂ ನಿಲ್ಲುವುದು ರಬ್ಬರಿನಿಂದ ಅಲ್ಲ. ಅವನಿಗೆ ನೋವಾಗುತ್ತಿದೆ, ಅದಕ್ಕೆ. ಕಿರುಚುತ್ತಾನೆ, ಸಹಾಯ ಕೇಳುತ್ತಾನೆ. ನಡುವೆ ಸತ್ತ ಗೆಳೆಯನಿಗೆ ತಾನು ಅಂದ ಒಂದು ಕೆಟ್ಟ ಮಾತು ನೆನಪಾಗಿ ಅದಕ್ಕೆ ಕ್ಷಮೆಯನ್ನೂ ಕೇಳುತ್ತಾನೆ. ನಗು ಬರುತ್ತದೆ, ನಕ್ಕಿದ್ದಕ್ಕೆ ನಾಚಿಕೆಯೂ ಆಗುತ್ತದೆ. ನಿಮ್ಮ ರೈಟರ್‌ಗೆ ಆ ಹೊತ್ತಿನಲ್ಲಿ ಏನು ನೆನಪಾಗಬಹುದು? ಸಂಬಳದ ಕವರು ಮೇಜಿನ ಮೇಲೇ ಬಿಟ್ಟು ಬಂದದ್ದಾ? ಬೆಳಗ್ಗೆ ಆಳುಗಳನ್ನು ಕರೆತರಲು ಜೀಪು ಹೇಳದೆ ಇದ್ದದ್ದಾ? ಮೈ ಒಡೆಯುತ್ತಿರುವಾಗ ಫೋನ್ ಒತ್ತಲು ನೋಡುತ್ತಾನೆ. ಬೆರಳು ಬೆರಳಾಗಿ ಉಳಿದಿಲ್ಲ, ಫೋನು ಬೆರಳಚ್ಚು ಒಪ್ಪುತ್ತಿಲ್ಲ.

ಗಿರೀಶ ಕಾರ್ನಾಡರ ‘ಹಯವದನ’ 1971ರಲ್ಲೇ ಈ ವಿದ್ಯೆ ತೋರಿಸಿದೆ. ಕುದುರೆ ಮುಖದ ಮನುಷ್ಯ ತನ್ನನ್ನು ಪೂರ್ಣ ಮಾಡು ಅಂತ ಕಾಳಿಯನ್ನು ಕೇಳುತ್ತಾನೆ. ದೇವಿ ಪೂರ್ತಿ ಕುದುರೆಯನ್ನೇ ಮಾಡಿಬಿಡುತ್ತಾಳೆ, ಮನುಷ್ಯನ ದನಿ ಮಾತ್ರ ಉಳಿಯುತ್ತದೆ. ನಗು, ಸಂಕಟ ಎರಡೂ ಆ ಉಳಿದ ಚೂರಿನಲ್ಲೇ ಇವೆ. ನಿಮ್ಮ ತೋಳದಲ್ಲಿ ಮನುಷ್ಯನ ಯಾವ ಚೂರು ಉಳಿಯುತ್ತದೆ ಅಂತ ಮೊದಲೇ ತೀರ್ಮಾನ ಮಾಡಿ. ನನ್ನನ್ನು ಕೇಳಿದರೆ ಏನೂ ಉಳಿಯಬಾರದು. ಚೂರೆಲ್ಲ ಬೆಳಗ್ಗೆ ವಾಪಸು ಬರುವ ಮನುಷ್ಯನ ಕಡೆ ಇರಲಿ. ಅವನಲ್ಲಿ ತೋಳದ್ದು ಏನೋ ಒಂದು ಉಳಿದುಕೊಳ್ಳಲಿ, ನಾಯಿಗಳು ಅವನನ್ನು ಕಂಡರೆ ಬೊಗಳುವ ಬದಲು ಸುಮ್ಮನಾಗುವುದು, ಆ ಥರ.

ಈಗ ವೇಷವಾ, ಗ್ರಾಫಿಕ್ಸಾ ಅನ್ನುವ ಪ್ರಶ್ನೆ. 2022ರ ಹಿಂದಿಯ ‘ಭೇಡಿಯಾ’ ಗ್ರಾಫಿಕ್ಸ್ ಹಾದಿ ಹಿಡಿಯಿತು. ಅರುಣಾಚಲದ ಕಾಡಿನಲ್ಲಿ ರಸ್ತೆ ಮಾಡಿಸಲು ಹೋದ ಕಂಟ್ರಾಕ್ಟರ್ ತೋಳವಾಗುತ್ತಾನೆ. ಚಿಕಿತ್ಸೆಗೆ ಸಿಗುವುದು ದನದ ಡಾಕ್ಟರ್. ಅಷ್ಟು ಬಜೆಟ್ ನಿಮ್ಮಲ್ಲಿ ಇರಲಾರದು. ಅರ್ಧಂಬರ್ಧ ಗ್ರಾಫಿಕ್ಸ್ ಮಾಡಿಸಿದರೆ ಈಗಿನ ಹುಡುಗರು ವಿಡಿಯೋ ಗೇಮ್ ಅಂತ ನಗುತ್ತಾರೆ. ವೇಷವೇ ಇರಲಿ, ಆದರೆ ಇಡೀ ಮೈಗೆ ಬೇಡ. ಒಂದು ಮುಂಗಾಲು, ಒಂದು ಕಿವಿ ಮತ್ತು ಬೆನ್ನಿನ ಸಾಲು, ತೆರೆದ ಬಾಯಿ. ಈ ಮೂರನ್ನು ಒಳ್ಳೆಯ ಕೈಯಿಂದ ಮಾಡಿಸಿ. ಉಳಿದದ್ದನ್ನು ಕಾಫಿ ಗಿಡ ಮುಚ್ಚಲಿ. ರೋಬಸ್ಟಾ ತೋಟದಲ್ಲಿ ಆಳೆತ್ತರಕ್ಕೆ ಗಿಡ ಇರುತ್ತದೆ. ಒಂದು ಸಾಲಿನಲ್ಲಿ ಗಿಡ ಅಲ್ಲಾಡುತ್ತಾ ಅಲ್ಲಾಡುತ್ತಾ ಹತ್ತಿರ ಬಂದರೆ ಸಾಕು. ಎರಡು ಕಾಲಲ್ಲಂತೂ ನಿಲ್ಲಿಸಬೇಡಿ. ಎರಡು ಕಾಲಲ್ಲಿ ನಿಂತ ಕೂಡಲೇ ಒಳಗಿರುವ ನಿಮ್ಮ ಗೆಳೆಯ ಕಾಣುತ್ತಾನೆ.

ಆಕಾರವನ್ನು ಹಾಲಿವುಡ್ಡಿನಿಂದ ತರಬೇಡಿ. ನಮ್ಮ ತೋಳ ಸಣಕಲು. ಇಪ್ಪತ್ತು ಕಿಲೋ ಆಸುಪಾಸು, ಉದ್ದ ಕಾಲು, ಕಂದು ಬಣ್ಣ. ದೂರದಿಂದ ನೋಡಿದರೆ ಬೀದಿ ನಾಯಿ ಅಂತಲೇ ಅನಿಸುತ್ತದೆ. ಇದು ಕೊರತೆ ಅಲ್ಲ, ನಿಮಗೆ ಸಿಕ್ಕ ಲಾಭ. ಎಸ್ಟೇಟಿನಲ್ಲಿ ಹತ್ತಾರು ನಾಯಿ ಇರುತ್ತವೆ. ಹಿಂದೆ ಹೋಗುತ್ತಿರುವ ಆ ನಾಯಿ ನಿಜವಾಗಿ ನಾಯಿಯೇನಾ ಅಂತ ಪ್ರೇಕ್ಷಕ ಪ್ರತಿ ಚೌಕಟ್ಟಿನಲ್ಲೂ ಹುಡುಕುತ್ತಾ ಕೂರುತ್ತಾನೆ. ಅರವತ್ತೈದು ಕಿಲೋ ರೈಟರ್ ಇಪ್ಪತ್ತು ಕಿಲೋ ತೋಳವಾದರೆ ಉಳಿದ ನಲವತ್ತೈದು ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಿದರೆ, ಆ ಮಾತನ್ನು ಚಿತ್ರದಲ್ಲೇ ಕಾಫಿ ತೂಕ ಹಾಕುವವನ ಬಾಯಲ್ಲಿ ಹೇಳಿಸಿಬಿಡಿ.

ಸದ್ದಿಗೆ ದುಡ್ಡು ಹಾಕಿ. ವೇಷಕ್ಕಿಂತ ಜಾಸ್ತಿ ಹಾಕಿದರೂ ನಷ್ಟ ಇಲ್ಲ. ಮೂಳೆ ಮುರಿಯುವ ಸದ್ದಿಗೆ ಹೊರದೇಶದಲ್ಲಿ ಸೆಲರಿ ದಂಟು ಮುರಿಯುತ್ತಾರೆ. ನಿಮಗೆ ನುಗ್ಗೆಕಾಯಿ ಇದೆ, ಕಬ್ಬಿದೆ. ಚರ್ಮ ಎಳೆಯುವ ಸದ್ದಿಗೆ ನೆನೆಸಿದ ಅಡಿಕೆ ಹಾಳೆಯನ್ನು ಮೈಕ್ ಹತ್ತಿರ ಹಿಡಿದು ತಿರುಚಿ ನೋಡಿ. ತೋಳದ ಊಳು ಒಂದೇ ಸಲ ಸಾಕು, ಅದೂ ದೂರದಿಂದ. ಹತ್ತಿರ ಬಂದಾಗ ಊಳಿಡಿಸಬೇಡಿ. ಬೇಟೆಗೆ ಬಂದ ಪ್ರಾಣಿ ಡಂಗುರ ಸಾರುವುದಿಲ್ಲ. ಜೀರುಂಡೆ ಸದ್ದು ತಟ್ಟನೆ ನಿಲ್ಲಲಿ, ಅಷ್ಟೇ.

ಎಡಿಟಿಂಗಿನಲ್ಲಿ ಒಂದೇ ಮಾತು. ನಗಿಸಿದ ಮೇಲೆ ಜನ ನಕ್ಕು ಮುಗಿಸುವವರೆಗೆ ನೀವು ಕಾಯುತ್ತೀರಿ, ಆಮೇಲೆ ಹೆದರಿಸುತ್ತೀರಿ. ಅಷ್ಟರಲ್ಲಿ ಅವರು ಮತ್ತೆ ಹುಷಾರಾಗಿರುತ್ತಾರೆ. ನಗುವಾಗ ಮನುಷ್ಯನ ಮೈ ಸಡಿಲ ಆಗಿರುತ್ತದೆ. ಹೊಡೆತ ಬೀಳಬೇಕಾದ್ದು ಆಗಲೇ. ಆದರೆ ಪ್ರತಿ ನಗುವಿನ ಬಾಲಕ್ಕೂ ಒಂದೊಂದು ಬೆಚ್ಚಿ ಬೀಳಿಸುವುದನ್ನು ಕಟ್ಟಿದರೆ ಮೂರನೆಯದಕ್ಕೆ ಗುಟ್ಟು ರಟ್ಟಾಗುತ್ತದೆ. ಎರಡು ಸಲ ನಗಿಸಿ ಸುಮ್ಮನೆ ಬಿಡಿ, ಏನೂ ಆಗದೆ ಇರಲಿ.

ಕೊನೆಗೆ ಶೂಟಿಂಗ್ ವಿಷಯ. ರಾತ್ರಿ ತೋಟದಲ್ಲಿ ಚಿತ್ರೀಕರಣ ಇದ್ದರೆ ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ. ಆ ದಿನ ಆನೆ ಯಾವ ತೋಟದಲ್ಲಿದೆ ಅಂತ ಕೇಳಿಕೊಂಡೇ ಹೊರಡಿ. ಜನರೇಟರ್ ಸದ್ದಿನಲ್ಲಿ ಆನೆ ಹತ್ತಿರ ಬಂದರೂ ಗೊತ್ತಾಗುವುದಿಲ್ಲ. ಬೋನಿನ ದೃಶ್ಯದ ಆಡು, ಎಸ್ಟೇಟಿನ ನಾಯಿಗಳು, ಇವನ್ನೆಲ್ಲ ಬಳಸುವುದಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಶೂಟಿಂಗಿಗೆ ಮೊದಲೇ ಬೇಕು. ಅದಿಲ್ಲದಿದ್ದರೆ ಸೆನ್ಸಾರ್ ಹೊತ್ತಿಗೆ ಚಿತ್ರ ಸಿಕ್ಕಿಹಾಕಿಕೊಳ್ಳುತ್ತದೆ. ಚಿತ್ರಕಥೆ ತಿದ್ದಿ ಬರೆದ ಮೇಲೆ ಹಾಜರಿ ಪುಸ್ತಕದ ದೃಶ್ಯ ಒಂದನ್ನೇ ಮೊದಲು ತೆಗೆದು ಕಳಿಸಿ. ಅದಕ್ಕೆ ತೋಳದ ವೇಷವೂ ಬೇಡ, ರಾತ್ರಿಯೂ ಬೇಡ. ಒಂದು ಮೇಜು, ಇಬ್ಬರು ನಟರು ಸಾಕು.